ಲಿಥಿಯಂ ಬ್ಯಾಟರಿಯ ಬಿಸಿಯನ್ನು ನಿಭಾಯಿಸುವುದು ಹೇಗೆ? ಮನೆಯ ಸೌರ ಬ್ಯಾಟರಿಗೂ ವಿದ್ಯುತ್ ವಾಹನಕ್ಕೂ ಒಂದು ಮಾರ್ಗದರ್ಶಿ

ಬೇಸಿಗೆ ಶುರುವಾಯಿತೆಂದರೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಮೂರು. ಬಿಸಿಲು ಚೆನ್ನಾಗಿಯೇ ಇದ್ದರೂ ಮನೆಯ ಸೌರ ಬ್ಯಾಟರಿ ಮಧ್ಯಾಹ್ನದ ಹೊತ್ತಿಗೆ ಚಾರ್ಜ್ ಆಗುವುದನ್ನು ನಿಲ್ಲಿಸುವುದೇಕೆ, ಸ್ಕೂಟರ್ ಓಡಿಸಿಕೊಂಡು ಬಂದ ಕೂಡಲೇ ಚಾರ್ಜರ್ ಸಿಕ್ಕಿಸಿದರೆ ಚಾರ್ಜಿಂಗ್ ಶುರುವಾಗದಿರುವುದೇಕೆ, ಹೆದ್ದಾರಿಯ ಫಾಸ್ಟ್ ಚಾರ್ಜರ್‌ನಲ್ಲಿ ಕಾರು ಅರ್ಧಕ್ಕೇ ನಿಧಾನವಾಗುವುದೇಕೆ ಎಂಬವೇ ಅವು. ಮೂರಕ್ಕೂ ಉತ್ತರ ಬಹುಮಟ್ಟಿಗೆ ಒಂದೇ: ಬ್ಯಾಟರಿಯೊಳಗಿನ ಸೆಲ್‌ಗಳು ತಮ್ಮ ತಾಪಮಾನದ ಮಿತಿಯನ್ನು ಮುಟ್ಟಿವೆ, ಹಾಗಾಗಿ ಕಾವಲು ವ್ಯವಸ್ಥೆ ಕರೆಂಟನ್ನು ತಡೆದಿದೆ.

ಆ ಕಾವಲು ವ್ಯವಸ್ಥೆಗೆ ಬಿಎಂಎಸ್, ಅಂದರೆ ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್ ಎನ್ನುತ್ತಾರೆ. ಸೆಲ್‌ಗಳ ವೋಲ್ಟೇಜ್, ಪ್ಯಾಕಿನ ಕರೆಂಟು ಮತ್ತು ಕೆಲವು ಆಯ್ದ ಜಾಗಗಳ ತಾಪಮಾನವನ್ನು ಅಳೆಯುತ್ತಾ, ಮಿತಿ ಮೀರಿದಾಗ ಸಂಪರ್ಕವನ್ನು ಕಡಿಯುವ ಸರ್ಕ್ಯೂಟ್ ಅದು. "ಬಿಎಂಎಸ್ ಇದೆಯಲ್ಲ, ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ" ಎಂದು ಮಾರುವವರು ಹೇಳುವುದುಂಟು. ಅದು ಅರ್ಧ ಸತ್ಯ. ಬಿಎಂಎಸ್ ಬಿಸಿಯನ್ನು ಗುರುತಿಸುತ್ತದೆ, ಕರೆಂಟನ್ನು ಕಡಿಯುತ್ತದೆ. ತಂಪು ಮಾಡುವುದು ಅದರ ಕೈಯಲ್ಲಿಲ್ಲ. ಕಾರಿನಲ್ಲಾದರೆ ಅದಕ್ಕಾಗಿ ಪಂಪು, ರೇಡಿಯೇಟರ್, ದ್ರವ ಎಲ್ಲವೂ ಇರಬಹುದು. ಮನೆಯ ಬ್ಯಾಟರಿಗಳಲ್ಲಿ ಮತ್ತು ಬಹುತೇಕ ಸ್ಕೂಟರ್‌ಗಳಲ್ಲಿ ಅಂಥದ್ದೇನೂ ಇರುವುದಿಲ್ಲ. ಅಲ್ಲಿ ಬ್ಯಾಟರಿ ಇರುವ ಜಾಗ, ಅದಕ್ಕೆ ಸಿಗುವ ಗಾಳಿ ಮತ್ತು ನೀವು ಎಳೆಯುವ ಕರೆಂಟು, ಈ ಮೂರೇ ಶಾಖ ನಿರ್ವಹಣೆಯ ವ್ಯವಸ್ಥೆ. ಈ ಮೂರೂ ನಿಮ್ಮ ಹಿಡಿತದಲ್ಲಿರುವುದರಿಂದಲೇ ಈ ಲೇಖನ.

ಮೊದಲು ಕೆಲವು ಅಂಕಿಗಳನ್ನು ಮನಸ್ಸಿನಲ್ಲಿಡಿ. ಲಿಥಿಯಂ ಅಯಾನ್ ಸೆಲ್‌ಗಳಿಗೆ ಹಿತವಾದ ತಾಪಮಾನ ಸುಮಾರು 15ರಿಂದ 35 ಡಿಗ್ರಿ ಸೆಲ್ಸಿಯಸ್. ಸಾಮಾನ್ಯವಾಗಿ ತಯಾರಕರು 0ರಿಂದ 45 ಡಿಗ್ರಿಯವರೆಗೆ ಚಾರ್ಜ್ ಮಾಡಲು, ಸುಮಾರು 60 ಡಿಗ್ರಿಯವರೆಗೆ ಬಳಸಲು ಅನುಮತಿ ಕೊಟ್ಟಿರುತ್ತಾರೆ. ಮಿತಿಯ ಒಳಗಿದ್ದರೂ ಬಿಸಿ ಹೆಚ್ಚಿದಷ್ಟೂ ಆಯುಸ್ಸು ತಗ್ಗುತ್ತದೆ. ತಾಪಮಾನ 10 ಡಿಗ್ರಿ ಏರಿದರೆ ಸವೆತದ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಅಂದಾಜು. ಕಲಬುರಗಿ, ರಾಯಚೂರು ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ದಾಟುವುದರಿಂದ, ಚಾರ್ಜಿಂಗ್ ಮಿತಿಗೂ ಬ್ಯಾಟರಿಗೂ ನಡುವೆ ಉಳಿಯುವ ಅಂತರ ಬಹಳ ಕಡಿಮೆ.

ಕೈಯಲ್ಲಿ ಇರಬೇಕಾದವು ಹೆಚ್ಚೇನಿಲ್ಲ. ಬ್ಯಾಟರಿಯ ಕೈಪಿಡಿ, ಬಿಎಂಎಸ್ ಆ್ಯಪ್ ಅಥವಾ ಇನ್ವರ್ಟರ್‌ನ ಪರದೆ, ಗೋಡೆಗೆ ತೂಗುಹಾಕುವ ಒಂದು ಥರ್ಮಾಮೀಟರ್, ದೂರದಿಂದಲೇ ತಾಪಮಾನ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಮತ್ತು ಕಪ್ಪು ಇನ್ಸುಲೇಷನ್ ಟೇಪು ಇದ್ದರೆ ಸಾಕು.

ಹಂತ 1: ಯಾವ ಬಗೆಯ ಬ್ಯಾಟರಿ ಎಂದು ತಿಳಿದುಕೊಳ್ಳಿ

ಲೇಬಲ್ ಓದಿ. ಮನೆಯ ಸೌರ ವ್ಯವಸ್ಥೆಗಳಲ್ಲಿ ಈಗ ಹೆಚ್ಚಾಗಿ ಬರುತ್ತಿರುವುದು ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್. ಇದರ ಒಂದು ಸೆಲ್‌ನ ವೋಲ್ಟೇಜ್ 3.2. ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಸೇರಿದ ಎನ್‌ಎಂಸಿ ಬಗೆಯದು 3.6 ಅಥವಾ 3.7 ವೋಲ್ಟಿನದು. ಅಷ್ಟೇ ತೂಕದಲ್ಲಿ ಹೆಚ್ಚು ಶಕ್ತಿ ಹಿಡಿಯುವುದರಿಂದ ಇದನ್ನು ಅನೇಕ ಸ್ಕೂಟರ್ ಮತ್ತು ಕಾರುಗಳಲ್ಲಿ ಬಳಸುತ್ತಾರೆ. ಅತಿಯಾಗಿ ಬಿಸಿಯಾದಾಗ ಎನ್‌ಎಂಸಿಯ ಧನ ಧ್ರುವದ ವಸ್ತು ತಾನೇ ಆಮ್ಲಜನಕವನ್ನು ಬಿಡುಗಡೆ ಮಾಡುತ್ತದೆ. ಎಲ್‌ಎಫ್‌ಪಿಯಲ್ಲಿ ಆಮ್ಲಜನಕವನ್ನು ಫಾಸ್ಫೇಟ್ ಬಂಧ ಬಿಗಿಯಾಗಿ ಹಿಡಿದಿರುತ್ತದೆ, ಆದ್ದರಿಂದ ಅದು ಹೆಚ್ಚು ಸುರಕ್ಷಿತ. ಹೆಚ್ಚು ಸುರಕ್ಷಿತ ಎಂದರೆ ಸುಡುವುದೇ ಇಲ್ಲ ಎಂದಲ್ಲ: ಎರಡರಲ್ಲೂ ಇರುವ ವಿದ್ಯುದ್ವಿಭಾಜ್ಯ ದ್ರವ ಹೊತ್ತಿಕೊಳ್ಳುವಂಥದ್ದೇ, ಮತ್ತು ಎಲ್‌ಎಫ್‌ಪಿ ಸೆಲ್ ಕೆಟ್ಟಾಗ ಹೊರಬರುವ ಅನಿಲದಲ್ಲಿ ಹೈಡ್ರೋಜನ್ ಕೂಡ ಇರುತ್ತದೆ.

"ಥರ್ಮಲ್ ರನ್‌ಅವೇ" ಎಂಬ ಮಾತನ್ನು ನೀವು ಕೇಳಿರಬಹುದು. ಸೆಲ್ ಒಂದು ಮಟ್ಟಕ್ಕಿಂತ ಹೆಚ್ಚು ಬಿಸಿಯಾದಾಗ ಒಳಗಿನ ರಾಸಾಯನಿಕ ಕ್ರಿಯೆಗಳೇ ಶಾಖವನ್ನು ಹುಟ್ಟಿಸುತ್ತವೆ, ಆ ಶಾಖದಿಂದ ಕ್ರಿಯೆಗಳು ಇನ್ನಷ್ಟು ಚುರುಕಾಗುತ್ತವೆ, ಕೊನೆಗೆ ಹೊರಗಿನಿಂದ ಕರೆಂಟು ನಿಲ್ಲಿಸಿದರೂ ಅದು ನಿಲ್ಲುವುದಿಲ್ಲ. ಎರಡು ಧ್ರುವಗಳನ್ನು ಬೇರ್ಪಡಿಸುವ ಪಾಲಿಎಥಿಲೀನ್ ಹಾಳೆ ಸುಮಾರು 130 ಡಿಗ್ರಿಗೆ ಕರಗುತ್ತದೆ. ಅಲ್ಲಿಂದ ಮುಂದೆ ಬಿಎಂಎಸ್‌ಗೆ ಮಾಡಲು ಏನೂ ಉಳಿದಿರುವುದಿಲ್ಲ.

ಹಂತ 2: ಎಷ್ಟು ಶಾಖ ಹುಟ್ಟುತ್ತದೆ ಎಂದು ಲೆಕ್ಕ ಹಾಕಿ

ಈ ಹಂತವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ, ಮುಂದಿನ ತೀರ್ಮಾನಗಳೆಲ್ಲ ಇದರ ಮೇಲೆಯೇ ನಿಂತಿವೆ. ಬ್ಯಾಟರಿಯ ಒಳಗೆ ಹುಟ್ಟುವ ಶಾಖ ಮುಖ್ಯವಾಗಿ ಕರೆಂಟಿನ ವರ್ಗವನ್ನು ಒಳರೋಧದಿಂದ ಗುಣಿಸಿದಷ್ಟು. ಒಳರೋಧ ಎಂದರೆ ಸೆಲ್‌ಗಳು ಮತ್ತು ಅವುಗಳ ಜೋಡಣೆ ಕರೆಂಟಿಗೆ ಒಡ್ಡುವ ತಡೆ. ವರ್ಗ ಎಂಬುದನ್ನು ಗಮನಿಸಿ: ಕರೆಂಟು ಎರಡರಷ್ಟಾದರೆ ಶಾಖ ನಾಲ್ಕರಷ್ಟಾಗುತ್ತದೆ.

ಮನೆಗಳಲ್ಲಿ ಸಾಮಾನ್ಯವಾಗಿರುವ 51.2 ವೋಲ್ಟ್, 100 ಆಂಪಿಯರ್ ಅವರ್ ಎಲ್‌ಎಫ್‌ಪಿ ಬ್ಯಾಟರಿಯನ್ನೇ ತೆಗೆದುಕೊಳ್ಳೋಣ. ಇದರಲ್ಲಿ 16 ಸೆಲ್‌ಗಳು ಸಾಲಾಗಿರುತ್ತವೆ, ಶಕ್ತಿ ಸುಮಾರು 5 ಯೂನಿಟ್. ಇಡೀ ಪ್ಯಾಕಿನ ಒಳರೋಧ 20 ಮಿಲಿಓಮ್, ತೂಕ 45 ಕಿಲೋ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಮನೆಯ ಲೋಡು 2.5 ಕಿಲೋವ್ಯಾಟ್ ಇದ್ದರೆ ಬ್ಯಾಟರಿಯಿಂದ ಸುಮಾರು 50 ಆಂಪಿಯರ್ ಹರಿಯುತ್ತದೆ, ಒಳಗೆ 50 ವ್ಯಾಟ್ ಶಾಖವಾಗುತ್ತದೆ. ಅದೇ ಎಸಿ, ಗ್ರೈಂಡರ್, ನೀರಿನ ಪಂಪು ಎಲ್ಲ ಒಟ್ಟಿಗೆ ಓಡಿ ಲೋಡು 5 ಕಿಲೋವ್ಯಾಟ್ ಆದರೆ ಕರೆಂಟು 100 ಆಂಪಿಯರ್, ಶಾಖ 200 ವ್ಯಾಟ್. ಶಾಖ ಹೊರಗೆ ಹೋಗಲು ದಾರಿಯೇ ಇಲ್ಲವೆಂದು ಭಾವಿಸಿದರೆ, 200 ವ್ಯಾಟ್ ಒಂದು ಗಂಟೆಯಲ್ಲಿ ಆ ಬ್ಯಾಟರಿಯನ್ನು ಸುಮಾರು 16 ಡಿಗ್ರಿ ಬಿಸಿ ಮಾಡುತ್ತದೆ. ಅಷ್ಟೇ ಶಕ್ತಿಯನ್ನು ಎರಡು ಗಂಟೆಗೆ ಹಂಚಿ, 2.5 ಕಿಲೋವ್ಯಾಟ್‌ನಂತೆ ಬಳಸಿದರೆ ಏರಿಕೆ 8 ಡಿಗ್ರಿ ಮಾತ್ರ.

ಈಗ ಮೊದಲ ಪ್ರಶ್ನೆಗೆ ಉತ್ತರ ತಾನಾಗಿ ಸಿಗುತ್ತದೆ. ಕೋಣೆ 36 ಡಿಗ್ರಿ ಇದ್ದು, ಬೆಳಗ್ಗೆ ಕರೆಂಟು ಹೋದಾಗ ಪೂರ್ಣ ಲೋಡಿನಲ್ಲಿ ಬ್ಯಾಟರಿ ಬಳಸಿದ್ದರೆ ಸೆಲ್‌ಗಳು 50ರ ಹತ್ತಿರ ಹೋಗಿರುತ್ತವೆ. ಆಮೇಲೆ ಎಷ್ಟೇ ಬಿಸಿಲಿದ್ದರೂ ಅವು 45ಕ್ಕೆ ಇಳಿಯುವವರೆಗೆ ಚಾರ್ಜ್ ಆಗುವುದಿಲ್ಲ. ಸೌರ ಫಲಕವನ್ನು ಸಂಶಯಿಸಿ ಮೆಕ್ಯಾನಿಕ್‌ನನ್ನು ಕರೆಸುವ ಮೊದಲು ಆ್ಯಪ್‌ನಲ್ಲಿ ತಾಪಮಾನ ನೋಡಿ.

ಪರಿಹಾರ ಎರಡು ಬಗೆಯದು. ಭಾರದ ಲೋಡುಗಳನ್ನು ಒಂದೇ ಹೊತ್ತಿಗೆ ಓಡಿಸದಿರುವುದು ಖರ್ಚಿಲ್ಲದ ದಾರಿ. ಅದು ಆಗದ ಮನೆಗಳಲ್ಲಿ ಅದೇ ಬಗೆಯ, ಅದೇ ತಯಾರಕರ ಇನ್ನೊಂದು ಬ್ಯಾಟರಿಯನ್ನು ಸಮಾಂತರವಾಗಿ ಜೋಡಿಸಿದರೆ ಪ್ರತಿಯೊಂದರಲ್ಲಿ ಹರಿಯುವ ಕರೆಂಟು ಅರ್ಧವಾಗಿ, ಪ್ರತಿಯೊಂದರ ಶಾಖ ಕಾಲುಭಾಗಕ್ಕೆ ಇಳಿಯುತ್ತದೆ. ಹಳೆಯದಕ್ಕೂ ಹೊಸದಕ್ಕೂ, ಬೇರೆ ಬೇರೆ ಬಗೆಯವಕ್ಕೂ ಗಂಟು ಹಾಕಬೇಡಿ. ಒಳರೋಧ ಕಡಿಮೆ ಇರುವುದು ಹೆಚ್ಚು ಕರೆಂಟನ್ನು ತನ್ನ ಮೇಲೆಯೇ ಎಳೆದುಕೊಳ್ಳುತ್ತದೆ.

ಹಂತ 3: ಜಾಗ ಆರಿಸಿ

ನಮ್ಮ ಮನೆಗಳಲ್ಲಿ ಬ್ಯಾಟರಿಯನ್ನು ಇಡುವುದು ಹೆಚ್ಚಾಗಿ ತಾರಸಿಗೆ ಹೋಗುವ ಮೆಟ್ಟಿಲಿನ ಮೇಲಿನ ಕೋಣೆಯಲ್ಲಿ. ಫಲಕಕ್ಕೆ ಹತ್ತಿರ, ತಂತಿಯ ಖರ್ಚು ಕಡಿಮೆ ಎಂಬ ಲೆಕ್ಕಾಚಾರ ಅದರ ಹಿಂದಿರುತ್ತದೆ. ಆದರೆ ಇಡೀ ಮನೆಯಲ್ಲಿ ಅತಿ ಬಿಸಿಯಾದ ಜಾಗವೂ ಅದೇ. ತಗಡಿನ ಶೀಟಿನ ಮಾಡಿದ್ದರಂತೂ ಹೇಳುವುದೇ ಬೇಡ. ಆರ್‌ಸಿಸಿ ಮಾಡು ಹಗಲೆಲ್ಲ ಹೀರಿದ ಶಾಖವನ್ನು ರಾತ್ರಿ ಬಹಳ ಹೊತ್ತಿನವರೆಗೆ ಕೋಣೆಯೊಳಗೆ ಬಿಡುತ್ತಲೇ ಇರುತ್ತದೆ, ಮತ್ತು ಕರೆಂಟು ಹೋಗಿ ಬ್ಯಾಟರಿ ದುಡಿಯಬೇಕಾದ ಸಮಯವೂ ಅನೇಕ ಕಡೆ ಅದೇ ಸಂಜೆಯ ಹೊತ್ತು. ಜಾಗ ತೀರ್ಮಾನಿಸುವ ಮುನ್ನ ಥರ್ಮಾಮೀಟರನ್ನು ಅಲ್ಲಿ ತೂಗುಹಾಕಿ, ಮಧ್ಯಾಹ್ನ 3 ಗಂಟೆಗೂ ರಾತ್ರಿ 10 ಗಂಟೆಗೂ ಕೆಲವು ದಿನ ಓದಿಕೊಳ್ಳಿ. ಎರಡೂ ಓದು 35ರ ಕೆಳಗಿರುವ ಜಾಗ ಸಿಕ್ಕರೆ ತಂತಿಗೆ ಒಂದಿಷ್ಟು ಹೆಚ್ಚು ಖರ್ಚಾದರೂ ಅದನ್ನೇ ಆರಿಸಿ. ನೆಲಮಹಡಿಯ ಉತ್ತರದ ಅಥವಾ ಪೂರ್ವದ ಗೋಡೆ ಸಾಮಾನ್ಯವಾಗಿ ಒಳ್ಳೆಯದು, ಪಶ್ಚಿಮದ ಗೋಡೆ ಬೇಡ.

ಮಲಗುವ ಕೋಣೆ, ಅಡುಗೆಮನೆಯ ಗ್ಯಾಸ್ ಸಿಲಿಂಡರ್ ಪಕ್ಕ, ಹಾಗೂ ಮನೆಯಿಂದ ಹೊರಹೋಗುವ ಏಕೈಕ ದಾರಿಯಾದ ಮೆಟ್ಟಿಲಿನ ಕೆಳಗೆ ಬ್ಯಾಟರಿಯನ್ನು ಇಡಲೇಬಾರದು. ಕರಾವಳಿಯವರು ಉಪ್ಪುಗಾಳಿಯಿಂದ ಟರ್ಮಿನಲ್‌ಗಳು ಕಿಲುಬು ಹಿಡಿಯುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಂತ 4: ಗಾಳಿಗೆ ದಾರಿ ಮಾಡಿಕೊಡಿ, ಇನ್ವರ್ಟರನ್ನು ಮರೆಯಬೇಡಿ

ಕೋಣೆಯನ್ನು ಬಿಸಿ ಮಾಡುವುದರಲ್ಲಿ ಬ್ಯಾಟರಿಗಿಂತ ಇನ್ವರ್ಟರಿನ ಪಾಲೇ ದೊಡ್ಡದು. 5 ಕಿಲೋವ್ಯಾಟ್ ಇನ್ವರ್ಟರ್ ಶೇಕಡ 93ರ ದಕ್ಷತೆಯಲ್ಲಿ ಕೆಲಸ ಮಾಡಿದರೂ 350 ವ್ಯಾಟ್ ಶಾಖವನ್ನು ಹೊರಹಾಕುತ್ತದೆ. ಬ್ಯಾಟರಿಯ 200 ಸೇರಿದರೆ 550 ವ್ಯಾಟ್. ಮುಚ್ಚಿದ ಸಣ್ಣ ಕೋಣೆಯಲ್ಲಿ ಒಂದು ಹೀಟರ್ ಉರಿಸಿದಷ್ಟೇ ಆಯಿತು. ಆದ್ದರಿಂದ ಇವೆರಡನ್ನೂ ಒಂದೇ ಕಪಾಟಿನೊಳಗೆ ಇಡಬೇಡಿ. ಇನ್ವರ್ಟರ್‌ನ ಮೇಲೆ ಬ್ಯಾಟರಿ ಬರಲೇಬಾರದು, ಏಕೆಂದರೆ ಬಿಸಿಗಾಳಿ ಮೇಲಕ್ಕೇ ಏರುತ್ತದೆ. ಅಕ್ಕಪಕ್ಕದಲ್ಲಿ, ಕೈಪಿಡಿಯಲ್ಲಿ ಹೇಳಿದಷ್ಟು ಅಂತರ ಬಿಟ್ಟು ಇಡಿ.

ಎಷ್ಟು ಗಾಳಿ ಬೇಕೆಂಬುದಕ್ಕೆ ಸರಳ ಲೆಕ್ಕವಿದೆ. ಒಟ್ಟು ಶಾಖದ ವ್ಯಾಟನ್ನು 3ರಿಂದ ಗುಣಿಸಿ, ಹೊರಗಿನ ಗಾಳಿಗಿಂತ ಕೋಣೆ ಎಷ್ಟು ಡಿಗ್ರಿ ಹೆಚ್ಚು ಬಿಸಿಯಾಗಬಹುದೆಂದು ನೀವು ಒಪ್ಪುತ್ತೀರೋ ಅದರಿಂದ ಭಾಗಿಸಿದರೆ, ಗಂಟೆಗೆ ಬೇಕಾದ ಗಾಳಿ ಘನ ಮೀಟರಿನಲ್ಲಿ ಸಿಗುತ್ತದೆ. 550 ವ್ಯಾಟ್ ಮತ್ತು 5 ಡಿಗ್ರಿ ಎಂದರೆ ಗಂಟೆಗೆ 330 ಘನ ಮೀಟರ್. ಎಕ್ಸಾಸ್ಟ್ ಫ್ಯಾನಿನ ಪೆಟ್ಟಿಗೆಯ ಮೇಲೆ ಈ ಅಂಕಿ ಮುದ್ರಿತವಾಗಿರುತ್ತದೆ. ಜಾಲರಿ ಮತ್ತು ದೂಳಿನಿಂದ ಸ್ವಲ್ಪ ಕಡಿತವಾಗುವುದರಿಂದ ಒಂದು ಅಳತೆ ದೊಡ್ಡದನ್ನೇ ಕೊಳ್ಳಿ. ಫ್ಯಾನು ಮೇಲುಗಡೆ ಇರಲಿ, ಎದುರು ಗೋಡೆಯ ಬುಡದಲ್ಲಿ ಅಷ್ಟೇ ದೊಡ್ಡ ಕಿಂಡಿ ಇರಲಿ. ಒಳಬರುವ ದಾರಿ ಇಲ್ಲದೆ ಫ್ಯಾನು ಮಾತ್ರ ಹಾಕಿಸಿದ ಕೋಣೆಗಳು ಬೇಕಾದಷ್ಟಿವೆ. ಅಲ್ಲಿ ಫ್ಯಾನು ತಿರುಗುತ್ತದೆ, ಗಾಳಿ ಬದಲಾಗುವುದಿಲ್ಲ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಟೇಬಲ್ ಫ್ಯಾನ್ ಇಟ್ಟರೂ ಅದೇ ಬಿಸಿಗಾಳಿ ಸುತ್ತುತ್ತಿರುತ್ತದೆ.

ಹಂತ 5: ಜೋಡಣೆಯ ಜಾಗಗಳನ್ನು ಪರೀಕ್ಷಿಸಿ

ಪ್ಯಾಕಿನ ಸೆಲ್‌ಗಳೆಲ್ಲ ಸರಿಯಾಗಿದ್ದು ಒಂದು ಬೋಲ್ಟು ಸಡಿಲವಾಗಿದ್ದರೂ ಅಪಾಯ ಅಲ್ಲಿಂದಲೇ ಶುರುವಾಗಬಹುದು. ದಪ್ಪ ತಂತಿಯ ತುದಿಗೆ ಒತ್ತಿ ಕೂರಿಸುವ ತಾಮ್ರದ ಉಂಗುರಕ್ಕೆ ಲಗ್ ಎನ್ನುತ್ತಾರೆ. ಅದು ಟರ್ಮಿನಲ್ ಮೇಲೆ ಸರಿಯಾಗಿ ಕೂರದೆ ಅಲ್ಲಿ ಕೇವಲ 1 ಮಿಲಿಓಮ್ ರೋಧ ಹೆಚ್ಚಾದರೂ, 100 ಆಂಪಿಯರ್ ಹರಿಯುವಾಗ ಆ ಉಗುರಿನಷ್ಟು ಜಾಗದಲ್ಲಿ 10 ವ್ಯಾಟ್ ಶಾಖ ಹುಟ್ಟುತ್ತದೆ. ಬಿಎಂಎಸ್‌ನ ಸಂವೇದಕ ಸೆಲ್‌ಗಳ ನಡುವೆ ಇರುವುದರಿಂದ ಈ ಬಿಸಿ ಅದಕ್ಕೆ ಕಾಣುವುದೇ ಇಲ್ಲ.

ನಿಮ್ಮ ಕಣ್ಣಿಗೆ ಮಾತ್ರ ಅದು ಕಾಣುತ್ತದೆ. ಲಗ್‌ನ ಹೊಳಪು ಹೋಗಿ ಕಂದು ಅಥವಾ ನೇರಳೆ ಛಾಯೆ ಬಂದಿದ್ದರೆ, ಅದರ ಮೇಲಿನ ಪ್ಲಾಸ್ಟಿಕ್ ತೋಳು ಗಡುಸಾಗಿ ಬಿರುಕು ಬಿಟ್ಟಿದ್ದರೆ, ಹತ್ತಿರ ಹೋದಾಗ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದರೆ, ಅಲ್ಲಿ ಬಿಸಿಯಾಗುತ್ತಿದೆ ಎಂದೇ ತಿಳಿಯಿರಿ. ಅಳೆಯುವುದಾದರೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹೊಳೆಯುವ ಲೋಹದ ಮೇಲೆ ನಿಜಕ್ಕಿಂತ ಕಡಿಮೆ ತೋರಿಸುತ್ತದೆ ಎಂಬುದು ನೆನಪಿರಲಿ. ವ್ಯವಸ್ಥೆ ಆಫ್ ಆಗಿರುವಾಗ ಪ್ರತಿ ಲಗ್‌ನ ಮೇಲೆ ಕಪ್ಪು ಟೇಪಿನ ಚೂರನ್ನು ಅಂಟಿಸಿ, ಆಮೇಲೆ ಲೋಡು ಕೊಟ್ಟು ಅರ್ಧ ಗಂಟೆಯ ನಂತರ ಆ ಟೇಪಿನ ಮೇಲೆ ಅಳೆಯಿರಿ. ಒಂದೇ ಕರೆಂಟು ಹರಿಯುವ ಎರಡು ಲಗ್‌ಗಳ ನಡುವೆ 10 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಅರ್ಹ ಎಲೆಕ್ಟ್ರಿಷಿಯನ್‌ನಿಂದ ಬಿಗಿ ಮಾಡಿಸಿ. ಕೈಪಿಡಿಯಲ್ಲಿ ನಮೂದಿಸಿದ ಬಿಗಿತಕ್ಕೆ ಟಾರ್ಕ್ ಸ್ಪ್ಯಾನರ್‌ನಿಂದಲೇ ಮಾಡಬೇಕು. ಕೈಯಂದಾಜಿನಲ್ಲಿ ಅತಿಯಾಗಿ ಬಿಗಿದರೆ ಟರ್ಮಿನಲ್ಲೇ ಕಿತ್ತುಬರುತ್ತದೆ.

ಎಚ್ಚರಿಕೆ: ಬ್ಯಾಟರಿಯ ಕಡೆಯ ಡಿಸಿ ಬ್ರೇಕರನ್ನು ಇಳಿಸದೆ ಸ್ಪ್ಯಾನರ್ ಹಿಡಿಯಬಾರದು. ಉಂಗುರ, ಬಳೆ, ಕೈಗಡಿಯಾರ ಮೊದಲು ತೆಗೆದಿಡಿ. ಬ್ರೇಕರ್ ಇಳಿಸಿದರೂ ಬ್ಯಾಟರಿಯ ಟರ್ಮಿನಲ್‌ಗಳಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ.

ಹಂತ 6: ಬಿಎಂಎಸ್ ಮಿತಿಗಳನ್ನು ಓದಿ, ತಿದ್ದಬೇಡಿ

ಆ್ಯಪ್‌ನಲ್ಲಿ ಚಾರ್ಜಿಂಗ್‌ನ ಗರಿಷ್ಠ ತಾಪಮಾನ ಎಷ್ಟಿದೆ ಎಂದು ನೋಡಿ, ಕೈಪಿಡಿಯ ಅಂಕಿಗೆ ಹೋಲಿಸಿ. ಬೇಸಿಗೆಯಲ್ಲಿ ಪದೇ ಪದೇ ನಿಲ್ಲುತ್ತಿದೆ ಎಂದು ದೂರು ಕೊಟ್ಟರೆ, ಬಂದ ಹುಡುಗ ಆ ಮಿತಿಯನ್ನೇ 60ಕ್ಕೆ ಏರಿಸಿ ಹೋಗುವ ಸಂಭವವಿದೆ. ದೂರು ನಿಲ್ಲುತ್ತದೆ, ಬ್ಯಾಟರಿ ಬೇಗ ಸಾಯುತ್ತದೆ. ಒಪ್ಪಬೇಡಿ. ತಿದ್ದಬೇಕಾದದ್ದು ಇನ್ವರ್ಟರಿನ ಚಾರ್ಜಿಂಗ್ ಕರೆಂಟು: ಅದನ್ನು 100 ಆಂಪಿಯರಿನ ಬದಲು 30 ಅಥವಾ 40ಕ್ಕೆ ಇಳಿಸಿದರೆ ಬ್ಯಾಟರಿ ಹಗಲೆಲ್ಲ ನಿಧಾನವಾಗಿ, ತಂಪಾಗಿ ತುಂಬುತ್ತದೆ.

ಸಂವೇದಕಗಳ ನಡುವಿನ ವ್ಯತ್ಯಾಸವನ್ನೂ ಗಮನಿಸಿ. ಪ್ಯಾಕಿನ ನಡುವಿನ ಸೆಲ್‌ಗಳು ಅಂಚಿನವಕ್ಕಿಂತ ಬಿಸಿಯಾಗಿರುತ್ತವೆ, ಆದರೆ ಅಂತರ 5 ಡಿಗ್ರಿಯ ಒಳಗಿರಬೇಕು. ಹೆಚ್ಚು ಬಿಸಿಯಾಗುವ ಸೆಲ್ ಬೇಗ ಸವೆಯುತ್ತದೆ, ಸವೆದದ್ದರ ರೋಧ ಹೆಚ್ಚುತ್ತದೆ, ರೋಧ ಹೆಚ್ಚಾದದ್ದು ಇನ್ನಷ್ಟು ಬಿಸಿಯಾಗುತ್ತದೆ.

ಹಂತ 7: ಸ್ಕೂಟರ್ ಇದ್ದವರಿಗೆ

ಓಡಿಸಿ ಬಂದ ಮೇಲೆ ಅರ್ಧ ಗಂಟೆಯಾದರೂ ನೆರಳಿನಲ್ಲಿ ನಿಲ್ಲಿಸಿ, ಆಮೇಲೆ ಚಾರ್ಜಿಗೆ ಹಾಕಿ. ಪೂರ್ತಿ ಚಾರ್ಜ್ ಮಾಡಿದ ವಾಹನವನ್ನು ದಿನವಿಡೀ ಬಿಸಿಲಿನಲ್ಲಿ ನಿಲ್ಲಿಸುವುದು ಎನ್‌ಎಂಸಿ ಸೆಲ್‌ಗಳಿಗೆ ಅತಿ ಕೆಟ್ಟದ್ದು. ದಿನದ ಓಡಾಟಕ್ಕೆ ಶೇಕಡ 80 ಸಾಕಾಗುವವರು ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ಕಳಚಿ ಒಳಗೆ ತರುವ ಬ್ಯಾಟರಿಯನ್ನು ಹಾಸಿಗೆ, ಸೋಫಾ, ಬಟ್ಟೆಯ ಮೇಲಿಟ್ಟು ಚಾರ್ಜ್ ಮಾಡಬೇಡಿ. ಕಲ್ಲಿನ ಅಥವಾ ಟೈಲ್ಸಿನ ನೆಲದ ಮೇಲೆ, ಜನ ಎಚ್ಚರವಿರುವಾಗ ಮಾಡಿ. ಬೇರೆ ಕಂಪನಿಯ ಚಾರ್ಜರ್ ಬೇಡವೇ ಬೇಡ.

2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರ್‌ಗಳಿಗೆ ಬೆಂಕಿ ಹೊತ್ತಿದ ಮೇಲೆ, ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳ ಬ್ಯಾಟರಿಗೆ ಅನ್ವಯಿಸುವ ಎಐಎಸ್-156 ಮಾನದಂಡವನ್ನು ಬಿಗಿಗೊಳಿಸಲಾಯಿತು. ಅದು 2022ರ ಡಿಸೆಂಬರ್ 1 ಮತ್ತು 2023ರ ಮಾರ್ಚ್ 31ರಂದು ಎರಡು ಹಂತಗಳಲ್ಲಿ ಜಾರಿಗೆ ಬಂತು. ಒಂದು ಸೆಲ್ ಕೆಟ್ಟರೆ ಇಡೀ ಪ್ಯಾಕಿಗೆ ಅದು ಹೇಗೆ ಹಬ್ಬುತ್ತದೆ ಎಂಬ ಪರೀಕ್ಷೆಯೂ ಅದರಲ್ಲಿ ಸೇರಿದೆ. ಹಳೆಯ ವಾಹನ ಕೊಳ್ಳುವವರು ತಯಾರಿಕೆಯ ದಿನಾಂಕವನ್ನು ಈ ದಿನಾಂಕಗಳ ಜತೆ ಹೋಲಿಸಿ ನೋಡಿ, ಮತ್ತು ಸ್ಥಳೀಯವಾಗಿ ಸೆಲ್ ಸೇರಿಸಿ ಕಟ್ಟಿದ ಬ್ಯಾಟರಿ ಹಾಕಿರುವ ವಾಹನವನ್ನು ಕೊಳ್ಳಬೇಡಿ.

ಹಂತ 8: ಕಾರು ಇದ್ದವರಿಗೆ

ನಿಮ್ಮ ಕಾರಿನ ಬ್ಯಾಟರಿಗೆ ದ್ರವದ ತಂಪು ವ್ಯವಸ್ಥೆ ಇದೆಯೇ ಎಂದು ಕೈಪಿಡಿಯಲ್ಲಿ ನೋಡಿ. 2010ರಲ್ಲಿ ಬಂದ ನಿಸಾನ್ ಲೀಫ್ ಕಾರಿಗೆ ಅಂಥ ವ್ಯವಸ್ಥೆ ಇರಲಿಲ್ಲ. ಅಮೆರಿಕದ ಬಿಸಿ ರಾಜ್ಯವಾದ ಅರಿಝೋನಾದಲ್ಲಿ ಅದರ ಬ್ಯಾಟರಿಗಳ ಸಾಮರ್ಥ್ಯ ಬೇಗ ಕುಸಿಯಿತೆಂದು 2012ರ ಹೊತ್ತಿಗೇ ದೂರುಗಳು ಬಂದವು. ದ್ರವದ ವ್ಯವಸ್ಥೆಯಲ್ಲಿ ನೀರು ಮತ್ತು ಗ್ಲೈಕಾಲ್ ಬೆರೆತ ಕೂಲೆಂಟ್ ಸೆಲ್‌ಗಳ ಪಕ್ಕದ ಲೋಹದ ತಟ್ಟೆಗಳಲ್ಲಿ ಹರಿದು ಶಾಖವನ್ನು ರೇಡಿಯೇಟರಿಗೆ ಒಯ್ಯುತ್ತದೆ. ಹೊರಗಿನ ಗಾಳಿಯೇ ಬಿಸಿಯಿದ್ದಾಗ, ಚಿಲ್ಲರ್ ಎಂಬ ಭಾಗದ ಮೂಲಕ ಕಾರಿನ ಎಸಿಯೇ ಆ ದ್ರವವನ್ನು ತಂಪು ಮಾಡುತ್ತದೆ. ಹಾಗಾಗಿ ನಿಂತ ಕಾರು ಚಾರ್ಜ್ ಆಗುವಾಗ ಫ್ಯಾನಿನ ಸದ್ದು ಬಂದರೆ ಗಾಬರಿ ಬೇಡ. ಎಸಿ ತಂಪಾಗುತ್ತಿಲ್ಲವೆಂದರೆ ಮಾತ್ರ ಅದನ್ನು ಸುಖದ ವಿಷಯವೆಂದು ಮುಂದೂಡಬೇಡಿ, ಅಂಥ ಕಾರಿನಲ್ಲಿ ಬ್ಯಾಟರಿಯ ತಂಪೂ ಅದನ್ನೇ ನಂಬಿರುತ್ತದೆ.

ಕೂಲೆಂಟ್ ಮಟ್ಟವನ್ನು ಕಾರು ತಣ್ಣಗಿರುವಾಗ ನೋಡಿ. ಕಡಿಮೆಯಾಗಿದ್ದರೆ ನಲ್ಲಿ ನೀರು ಸುರಿಯಬೇಡಿ, ಪೆಟ್ರೋಲ್ ಕಾರಿನ ಕೂಲೆಂಟ್ ಕೂಡ ಬೇಡ. ತಯಾರಕರು ಹೇಳಿದ ದ್ರವವನ್ನೇ ಬಳಸಬೇಕು, ಮತ್ತು ಅದು ಕಡಿಮೆಯಾದದ್ದು ಏಕೆಂದು ವರ್ಕ್‌ಶಾಪಿನಲ್ಲಿ ಪತ್ತೆ ಮಾಡಿಸಬೇಕು. ಕಿತ್ತಳೆ ಬಣ್ಣದ ಕೇಬಲ್‌ಗಳು ಅಧಿಕ ವೋಲ್ಟೇಜಿನವು, ಕೈ ಹಚ್ಚಬೇಡಿ.

ಮಂಗಳೂರಿನಿಂದ ಬೆಂಗಳೂರಿಗೆ ಬರುವವರು ಶಿರಾಡಿ ಘಾಟಿ ಏರಿ ಸಕಲೇಶಪುರದಲ್ಲಿ ಕೂಡಲೇ ಫಾಸ್ಟ್ ಚಾರ್ಜಿಗೆ ಹಾಕಿದರೆ, ಏರಿನಲ್ಲಿ ಬಿಸಿಯಾದ ಪ್ಯಾಕಿಗೆ ಕಾರು ಪೂರ್ಣ ಕರೆಂಟನ್ನು ಕೊಡದಿರಬಹುದು. ಅದು ಚಾರ್ಜರಿನ ದೋಷವಲ್ಲ. ಕಾಫಿ ಕುಡಿದು ಬಂದು ಆಮೇಲೆ ಹಾಕಿದರೆ ಒಟ್ಟು ಸಮಯದಲ್ಲಿ ಹೆಚ್ಚಿನ ನಷ್ಟವೇನೂ ಆಗುವುದಿಲ್ಲ. ಹಿಮ ಬೀಳುವ ದೇಶಗಳಲ್ಲಿರುವ ಕನ್ನಡಿಗರ ಸಮಸ್ಯೆ ಇದಕ್ಕೆ ತದ್ವಿರುದ್ಧ: ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಲೋಹವಾಗಿ ಕಟ್ಟಿಕೊಳ್ಳುತ್ತದೆ, ಆದ್ದರಿಂದ ಕಾರಿನ ಪೂರ್ವತಾಪನ ಸೌಲಭ್ಯವನ್ನು ಬಳಸಿ.

ಮಳೆನೀರಿನಲ್ಲಿ ಮುಳುಗಿದ ಸ್ಕೂಟರ್ ಅಥವಾ ಕಾರನ್ನು ಪರೀಕ್ಷೆ ಮಾಡಿಸದೆ ಚಾರ್ಜಿಗೆ ಹಾಕಲೇಬೇಡಿ. ಒಳಗೆ ನೀರು ಸೇರಿದ ಪ್ಯಾಕ್ ದಿನಗಳ ನಂತರವೂ ಹೊತ್ತಿಕೊಳ್ಳಬಹುದು. ಮನೆಯಿಂದ ದೂರ, ಬಯಲಿನಲ್ಲಿ ನಿಲ್ಲಿಸಿ.

ಹಂತ 9: ಕೆಟ್ಟ ಲಕ್ಷಣ ಕಂಡಾಗ

ಉಬ್ಬಿದ ಪೆಟ್ಟಿಗೆ, ಬಣ್ಣದ ಥಿನ್ನರ್‌ನಂಥ ಸಿಹಿವಾಸನೆ, ಬುಸ್ಸೆನ್ನುವ ಸದ್ದು, ಬಿಳಿ ಹೊಗೆ, ಇವುಗಳಲ್ಲಿ ಯಾವುದು ಕಂಡರೂ ಮನೆಯವರನ್ನೆಲ್ಲ ಹೊರಗೆ ಕರೆದುಕೊಂಡು ಹೋಗಿ 112ಕ್ಕೆ ಕರೆ ಮಾಡಿ, ಲಿಥಿಯಂ ಬ್ಯಾಟರಿ ಎಂದು ಸ್ಪಷ್ಟವಾಗಿ ತಿಳಿಸಿ. ಆ ಹೊಗೆ ವಿಷಕಾರಿ ಮಾತ್ರವಲ್ಲ, ಹೊತ್ತಿಕೊಳ್ಳುವಂಥದ್ದೂ ಹೌದು. ಹೊಗೆ ತುಂಬಿದ ಬ್ಯಾಟರಿ ಕೋಣೆಯ ಬಾಗಿಲನ್ನು ನೀವು ತೆರೆಯಬೇಡಿ. 2019ರ ಏಪ್ರಿಲ್ 19ರಂದು ಅರಿಝೋನಾದ ಸರ್ಪ್ರೈಸ್ ಎಂಬ ಊರಿನ ಶಕ್ತಿ ಸಂಗ್ರಹ ಕೇಂದ್ರದಲ್ಲಿ ಬೆಂಕಿ ನಂದಿಸುವ ಅನಿಲ ಬಿಡುಗಡೆಯಾಗಿದ್ದರೂ ಸೆಲ್‌ಗಳ ಬಿಸಿ ಒಂದರಿಂದೊಂದಕ್ಕೆ ಹಬ್ಬಿ ದಹನಶೀಲ ಅನಿಲ ತುಂಬಿಕೊಂಡಿತ್ತು. ಸಿಬ್ಬಂದಿ ಬಾಗಿಲು ತೆರೆದ ಸ್ವಲ್ಪ ಹೊತ್ತಿಗೆ ಅದು ಸ್ಫೋಟಿಸಿ ಅಗ್ನಿಶಾಮಕ ದಳದವರು ತೀವ್ರವಾಗಿ ಗಾಯಗೊಂಡರು. ಪುಡಿ ಅಥವಾ ಇಂಗಾಲದ ಡೈಆಕ್ಸೈಡಿನ ನಂದಕ ಜ್ವಾಲೆಯನ್ನು ತಗ್ಗಿಸಬಹುದು, ಒಳಗಿನ ಬಿಸಿಯನ್ನು ಇಳಿಸುವುದಿಲ್ಲ. ಅದಕ್ಕೆ ಬೇಕಾದದ್ದು ಹೇರಳ ನೀರು, ಮತ್ತು ಆ ಕೆಲಸವನ್ನು ಅಗ್ನಿಶಾಮಕ ದಳಕ್ಕೇ ಬಿಡಬೇಕು. ಆರಿದಂತೆ ಕಂಡ ಬ್ಯಾಟರಿ ಗಂಟೆಗಳ ನಂತರ ಮತ್ತೆ ಹೊತ್ತಿಕೊಳ್ಳುವುದುಂಟು.

ಉಬ್ಬಿದ ಅಥವಾ ಆಯುಸ್ಸು ಮುಗಿದ ಬ್ಯಾಟರಿಯನ್ನು ಗುಜರಿಗೆ ಹಾಕಬೇಡಿ, ಬಿಚ್ಚಿ ನೋಡಲೂ ಹೋಗಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ಉತ್ಪಾದಕರದ್ದು. ಕೊಂಡ ಅಂಗಡಿಗೆ ಅಥವಾ ಕಂಪನಿಯ ಸೇವಾ ಕೇಂದ್ರಕ್ಕೆ ಲಿಖಿತವಾಗಿ ತಿಳಿಸಿ, ಅವರು ಬಂದು ಒಯ್ಯುವವರೆಗೆ ಅದನ್ನು ಮನೆಯ ಹೊರಗೆ, ಮಳೆ ಬಿಸಿಲು ತಾಗದ, ಸುತ್ತ ಹೊತ್ತಿಕೊಳ್ಳುವ ಯಾವ ವಸ್ತುವೂ ಇಲ್ಲದ ಸಿಮೆಂಟು ನೆಲದ ಮೇಲೆ ಇರಿಸಿ.